ಮೊದಲು ಸೈಕಲ್, ಆಮೇಲೆ ದೋಣಿ

ಹೊಳೆಯಲ್ಲಿ ದೋಣಿ ಬಿಟ್ಟುಕೊಂಡು ಕೆಳಗೆ ಹೋಗುವುದು ಸುಲಭ. ವಾಪಸ್ ಬರುವುದೇ ತಲೆನೋವು. ನೀರು ಒಂದೇ ಕಡೆ ಹರಿಯುತ್ತದೆ, ಕಾರು ಮಾತ್ರ ಹೊರಟ ಜಾಗದಲ್ಲೇ ನಿಂತಿರುತ್ತದೆ. ಎರಡು ಕಾರು, ಎರಡು ಡ್ರೈವರ್ ಇದ್ದವರಿಗೆ ಈ ಚಿಂತೆ ಇಲ್ಲ. ನಾವಿರುವುದು ಇಬ್ಬರೇ, ನಾನು ಮತ್ತು ಕೊಡಗಿನ ಸಿದ್ದಾಪುರದ ಗೆಳೆಯ. ನಮ್ಮ ಹತ್ತಿರ ಇರುವುದು ಒಂದು ಹಳೇ ಕಾರು, ಎರಡು ಗೇರ್ ಸೈಕಲ್, ಮತ್ತೆ ಗಾಳಿ ತುಂಬಿಸಿ ಇಬ್ಬರು ಕೂರಬಹುದಾದ ಒಂದು ಕಯಾಕ್. ಹಾಗಾಗಿ ಈ ಡಿಸೆಂಬರಿನಲ್ಲಿ, ಹುತ್ತರಿ ಅನ್ನುವ ಸುಗ್ಗಿ ಹಬ್ಬದ ಗಲಾಟೆ ಎಲ್ಲ ಮುಗಿದ ಮೇಲೆ ಒಂದು ಭಾನುವಾರ, ಕಾವೇರಿಯಲ್ಲಿ ಅರ್ಧ ದಿನ ದೋಣಿ, ಅರ್ಧ ದಿನ ಸೈಕಲ್ ಅಂತ ಯೋಚನೆ ಮಾಡಿದ್ದೇವೆ.

ಸಾಮಾನ್ಯವಾಗಿ ಇಂಥ ಪ್ಲಾನ್ ಮಾಡುವವರು ದೋಣಿಯನ್ನು ಮೊದಲು ಇಡುತ್ತಾರೆ. ಬೆಳಿಗ್ಗೆ ಸೈಕಲನ್ನು ಕೆಳಗಿನ ಊರಲ್ಲಿ ಬಿಡುವುದು, ಕಾರಿನಲ್ಲಿ ಮೇಲಕ್ಕೆ ಬಂದು ದೋಣಿ ಇಳಿಸುವುದು, ಕೆಳಗೆ ತಲುಪಿದ ಮೇಲೆ ಸೈಕಲ್ ಹತ್ತಿ ಕಾರಿನ ಹತ್ತಿರ ಬರುವುದು. ಸೈಕಲ್ ಅಲ್ಲಿ ಬರೀ ಆಟೋ ಬದಲಿಗೆ ಬಂದಿರುತ್ತದೆ. ನನಗೆ ಇದು ತಲೆಕೆಳಗಾದ ಕ್ರಮ ಅನಿಸುತ್ತದೆ. ಸೈಕಲ್ ಮೊದಲು ಬರಬೇಕು, ಅದೂ ಹೊಳೆಯ ಎದುರು ದಿಕ್ಕಿಗೆ. ಮೆಲ್ಲಗೆ ಮೇಲಕ್ಕೆ ಹೋಗುತ್ತಾ, ಸೇತುವೆ ಸಿಕ್ಕಲ್ಲಿ, ಮೆಟ್ಟಿಲು ಸಿಕ್ಕಲ್ಲಿ ನಿಂತು ಹೊಳೆಯನ್ನು ನೋಡಬೇಕು. ಆಮೇಲೆ ನೋಡಿದ ಹೊಳೆಯಲ್ಲೇ ಇಳಿದು ಬರಬೇಕು. ಈ ಒಂದು ತೀರ್ಮಾನ ಆದ ಮೇಲೆ ಜಾಗ, ತಿಂಗಳು, ಹೊತ್ತು ಎಲ್ಲವೂ ಒಂದೊಂದಾಗಿ ತಾವೇ ತೀರ್ಮಾನ ಆದವು.

ಜಾಗದ ವಿಷಯಕ್ಕೆ ಜಗಳವೇ ಆಯಿತು. ಗೆಳೆಯನಿಗೆ ಸಿದ್ದಾಪುರದಿಂದ ದುಬಾರೆ ಕಡೆಗೆ ಹೋಗುವ ಆಸೆ. ಆಸೆ ತಪ್ಪಲ್ಲ. ಕೊಡಗಿನ ಕಾವೇರಿ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಆ ಭಾಗವೇ. ಎರಡೂ ಕಡೆ ಕಾಡು, ಬಾಗಿದ ಬಿದಿರು, ಬಂಡೆಗಳ ನಡುವೆ ಸೀಳಿಕೊಂಡು ಹೋಗುವ ನೀರು, ಅದೃಷ್ಟ ಇದ್ದರೆ ನೀರುನಾಯಿ. ವಾಲ್ನೂರಿನ ಮಡುಗಳಲ್ಲಿ ಮಹಶೀರ್ ಮೀನು ಬೇರೆ. ಕಾವೇರಿಯ ಆ ಗೂನು ಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ, 2018ರಲ್ಲಿ ಅದನ್ನು ಅತಿ ಹೆಚ್ಚು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಆದರೆ ಅಲ್ಲಿ ರಸ್ತೆ ಹೊಳೆಯ ಜೊತೆ ಬರುವುದಿಲ್ಲ. ಕೊಡಗಿನಲ್ಲಿ ಇದ್ದವರಿಗೆ ಇದು ಗೊತ್ತು. ಭಾಗಮಂಡಲದಿಂದ ಕೆಳಗೆ ನಾಪೋಕ್ಲು, ಬಲಮುರಿ, ಬೇತ್ರಿ, ಕೊಂಡಂಗೇರಿ, ಸಿದ್ದಾಪುರ ಅಂತ ಹೊಳೆ ಬರುತ್ತದೆ. ನಾವು ರಸ್ತೆಯಲ್ಲಿ ಹೋಗುವಾಗ ಸೇತುವೆ ಮೇಲೆ ಮಾತ್ರ ಒಂದು ಕ್ಷಣ ಅದು ಕಾಣುತ್ತದೆ, ಮತ್ತೆ ತೋಟದ ಹಿಂದೆ ಮರೆಯಾಗುತ್ತದೆ. ರಸ್ತೆ ಏರು ಹಿಡಿದರೆ ಹೊಳೆ ತಗ್ಗು ಹಿಡಿಯುತ್ತದೆ. ನಡುವೆ ಕಾಫಿ ತೋಟ, ಗದ್ದೆ, ಗದ್ದೆಗೆ ಸೇರಿದ ಯಾರದೋ ಬಾಣೆ ಜಮೀನು, ಇಲ್ಲವೇ ಪೈಸಾರಿ ಅನ್ನುವ ಸರ್ಕಾರಿ ಜಾಗ. ಮ್ಯಾಪಿನಲ್ಲಿ ಹೊಳೆವರೆಗೂ ದಾರಿ ಇದೆ ಅಂತ ಒಂದು ಗೆರೆ ತೋರಿಸುತ್ತದೆ, ಹೋಗಿ ನೋಡಿದರೆ ಗೇಟು, ಗೇಟಿಗೆ ಬೀಗ, ಬೀಗದ ಕೀಲಿ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ, ರೈಟರ್ ಸಂತೆಗೆ ಹೋಗಿದ್ದಾರೆ. ತೋಟದವರನ್ನು ದೂರುವುದಕ್ಕೂ ಆಗುವುದಿಲ್ಲ. ಅವರ ಮನೆ ಹಿತ್ತಲಿನಲ್ಲಿ ನಾವು ಹೆಲ್ಮೆಟ್ ಹಾಕಿಕೊಂಡು ಪ್ರತ್ಯಕ್ಷ ಆದರೆ ಅವರಾದರೂ ಏನು ಮಾಡಬೇಕು?

ಸೈಕಲಿನಲ್ಲಿ ಹೋಗುತ್ತಾ ಹೊಳೆಯನ್ನು ಓದುವುದು ಆ ಭಾಗದಲ್ಲಿ ಆಗದ ಮಾತು. ಏನಾದರೂ ಆದರೆ ದಡ ಹತ್ತಿ ಹತ್ತು ನಿಮಿಷದಲ್ಲಿ ರಸ್ತೆ ಸೇರುತ್ತೇವೆ ಅನ್ನುವ ಧೈರ್ಯವೂ ಇಲ್ಲ. ಹತ್ತಿದ ದಡ ಮೀಸಲು ಅರಣ್ಯವಾಗಿದ್ದರೆ ಇನ್ನೊಂದು ಫಜೀತಿ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಅದಕ್ಕಿಂತ ಮುಖ್ಯ, ಆನೆ. ಸಿದ್ದಾಪುರ, ನೆಲ್ಯಹುದಿಕೇರಿ, ವಾಲ್ನೂರು ಸುತ್ತ ಆನೆಗಳು ಕಾಡಿನಿಂದ ತೋಟಕ್ಕೆ ಬಂದು ಹೋಗುವವಲ್ಲ, ಎಷ್ಟೋ ಆನೆಗಳು ತೋಟದಲ್ಲೇ ಉಳಿದುಬಿಟ್ಟಿವೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಲೈನ್ ಮನೆಯ ತೋಟದ ಕಾರ್ಮಿಕರು ಎಷ್ಟು ಜನ ಆನೆ ಕಾಲಿಗೆ ಸಿಕ್ಕಿ ಸತ್ತಿದ್ದಾರೆ ಅಂತ ಅಲ್ಲಿಯವರನ್ನು ಕೇಳಿದರೆ ಹೆಸರು ಹಿಡಿದು ಹೇಳುತ್ತಾರೆ. ಹಾಗಿರುವಾಗ ನಾವು ಸುಮ್ನೆ ಮೋಜಿಗೆ ಬೆಳಗಿನ ಜಾವ ಸದ್ದೇ ಇಲ್ಲದ ಸೈಕಲಿನಲ್ಲಿ ತಿರುವು ತಿರುಗುವುದು ಸರಿಯಲ್ಲ.

“ನಮ್ಮೂರು ಹೊಳೆ ಮಾರಾಯ, ನಂಗೊತ್ತಿಲ್ವಾ?” ಅಂದ ಗೆಳೆಯ.

ಗೊತ್ತಿದೆ. 2019ರ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯಲ್ಲಿ ಹೊಳೆ ಬದಿ ಮನೆಗಳಿಗೆ ನೀರು ನುಗ್ಗಿದಾಗ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಎತ್ತಿ ಸಾಗಿಸಿದವರಲ್ಲಿ ಅವನೂ ಒಬ್ಬ. ಅವನಷ್ಟು ಹೊಳೆ ನನಗೆ ಗೊತ್ತಿಲ್ಲ. ಹಾಗಂತ ನನ್ನ ವಾದ ಬಿಡಲಿಲ್ಲ. ದುಬಾರೆಯಲ್ಲಿ ಮಳೆಗಾಲದ ರಾಫ್ಟಿಂಗಿಗೆ ಅದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ, ಅವರ ಜೊತೆ ಹೋಗೋಣ, ನಮ್ಮ ಪ್ಲಾನಿಗೆ ಬೇರೆ ಹೊಳೆ ಬೇಕು ಅಂದೆ. ಹೊಳೆ ಅದೇ, ಊರು ಬೇರೆ.

ಆ ಊರು ಕುಶಾಲನಗರದಿಂದ ಕೆಳಗೆ.

ಇಲ್ಲಿ ಕಾವೇರಿ ಬಡಗಣ ದಿಕ್ಕಿಗೆ ಹರಿಯುತ್ತದೆ. ಪೂರ್ವಕ್ಕೆ ಸಮುದ್ರ ಸೇರಬೇಕಾದ ಹೊಳೆ ಇಲ್ಲಿ ಹಾಸನ ಜಿಲ್ಲೆಯ ಕಡೆ ಮುಖ ಮಾಡಿ ಹೋಗುತ್ತದೆ, ಎಡಗಡೆ ಕೊಡಗು, ಬಲಗಡೆ ಮೈಸೂರು ಜಿಲ್ಲೆ. ಕುಶಾಲನಗರದಿಂದ ಕೂಡಿಗೆ, ಕಣಿವೆ, ಹೆಬ್ಬಾಲೆ, ಶಿರಂಗಾಲ ಅಂತ ಹೋಗುವ ಹಾಸನ ರಸ್ತೆ ಎಡದಂಡೆಯಲ್ಲೇ ಇದೆ. ಅದು ಹೊಳೆಗೆ ಅಂಟಿಕೊಂಡೇನೂ ಹೋಗುವುದಿಲ್ಲ, ಆದರೆ ಕೈಗೆ ಸಿಗುವಷ್ಟು ದೂರದಲ್ಲಿ ಜೊತೆಗಿರುತ್ತದೆ. ಕುಶಾಲನಗರದಿಂದ ಶಿರಂಗಾಲದ ಗಡಿವರೆಗೆ 20 ಕಿಲೋಮೀಟರಿನ ಆಸುಪಾಸು. ಮಡಿಕೇರಿ ಕಡೆಯ ಹಾಗೆ ಏರು ಇಲ್ಲ. ತೋಟ ಮುಗಿದು ಗದ್ದೆ, ಜೋಳ, ಶುಂಠಿ ಶುರುವಾಗುತ್ತದೆ. ಹೊಳೆಗೆ ಇಳಿಯುವ ದಾರಿಗಳು ಊರಿನವರ ದಾರಿಗಳು, ದನ ನೀರಿಗೆ ಹೋಗುವ ದಾರಿ, ಬಟ್ಟೆ ಒಗೆಯುವ ದಾರಿ, ದೇವಸ್ಥಾನದ ಮೆಟ್ಟಿಲು. ಕೇಳಿಕೊಂಡು ಇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಚಂದದಲ್ಲಿ ಇದು ದುಬಾರೆಗೆ ಸಮ ಅಲ್ಲ. ಮುಚ್ಚಿಡುವುದೇಕೆ. ಕುಶಾಲನಗರದಂಥ ಬೆಳೆಯುತ್ತಿರುವ ಪಟ್ಟಣ ದಾಟಿದ ನೀರು ಹೇಗಿರಬಹುದು ಅಂತ ಬೇಸಿಗೆಯಲ್ಲಿ ಸೇತುವೆ ಮೇಲೆ ನಿಂತವರ ಮೂಗಿಗೆ ಗೊತ್ತು. ಕಾವೇರಮ್ಮ ಅಂತ ಕೈ ಮುಗಿಯುತ್ತೇವೆ, ಚರಂಡಿಯನ್ನೂ ಅಲ್ಲಿಗೇ ಬಿಡುತ್ತೇವೆ. ಅದಕ್ಕೇ ನಾವು ಪಟ್ಟಣದ ಹತ್ತಿರ ಇಳಿಯದೆ, ಹಾರಂಗಿ ಹೊಳೆ ಬಂದು ಸೇರುವ ಕೂಡಿಗೆಯಿಂದ ಕೆಳಗೆ ಇಳಿಯುವುದು ಅಂತ ಇಟ್ಟುಕೊಂಡಿದ್ದೇವೆ. ಹೊಸ ನೀರು ಸೇರಿ ಸ್ವಲ್ಪವಾದರೂ ತಿಳಿಯಾಗಿರುತ್ತದೆ. ಆದರೂ ಮೈ ಮೇಲೆ ಗಾಯ ಇದ್ದರೆ ಪ್ಲಾಸ್ಟರ್ ಹಾಕಿಕೊಳ್ಳಬೇಕು, ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಹಾರಂಗಿಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಈ ಪ್ಲಾನಿನಲ್ಲಿ ನನಗೆ ಜಾಸ್ತಿ ಭಯ ಇರುವುದು ಬಂಡೆಯದಲ್ಲ, ಹಾರಂಗಿಯದು. ಹುದುಗೂರಿನ ಹತ್ತಿರದ ಆ ಜಲಾಶಯ ಹಿಡಿಯುವುದು 8.5 ಟಿಎಂಸಿ, ತುಂಬಿದ ಮಟ್ಟ 2859 ಅಡಿ. ಕೆಆರ್‌ಎಸ್ ಪಕ್ಕದಲ್ಲಿಟ್ಟರೆ ಸಣ್ಣದು. ಸಣ್ಣದಾಗಿರುವುದಕ್ಕೇ ಬೇಗ ತುಂಬುತ್ತದೆ, ತುಂಬಿದ ಮೇಲೆ ಮೇಲಿನಿಂದ ಬಂದ ಮಳೆನೀರನ್ನು ಹಾಗೇ ಕೆಳಗೆ ಬಿಡಬೇಕಾಗುತ್ತದೆ. ಕಾವೇರಿ ಮೇಲಿನಿಂದ ಹೇಗೇ ಬರಲಿ, ಹಾರಂಗಿಯ ಗೇಟು ಎತ್ತಿದರೆ ಕೂಡಿಗೆಯಿಂದ ಕೆಳಗೆ ಹೊಳೆ ಬೇರೆಯೇ ಆಗಿಬಿಡುತ್ತದೆ. ಆಕಾಶ ತಿಳಿಯಾಗಿದ್ದರೂ ನೀರು ಏರಬಹುದು. ಭಾಗಮಂಡಲದ ಮಳೆ ನೋಡಿಕೊಂಡರೆ ಸಾಲದು, ಮಾದಾಪುರ, ಸೋಮವಾರಪೇಟೆ ಕಡೆಯ ಮಳೆಯನ್ನೂ ಕೇಳಬೇಕು. ಜಲಾಶಯದ ದಿನದ ಮಟ್ಟ, ಒಳಹರಿವು, ಹೊರಹರಿವು ಪೇಪರಿನಲ್ಲಿ ಬರುತ್ತದೆ. ಹಿಂದಿನ ಮೂರು ದಿನದ ಹೊರಹರಿವು ಒಂದೇ ಥರ ಇದ್ದರೆ ಮಾತ್ರ ಹೊರಡುವುದು ಅಂತ ನಿಯಮ ಮಾಡಿಕೊಂಡಿದ್ದೇವೆ. ಗೆಳೆಯ ಇದಕ್ಕೆ ಮಾತ್ರ ಚಕಾರ ಎತ್ತಲಿಲ್ಲ.

ತಿಂಗಳು ಡಿಸೆಂಬರ್ ಆಗಿದ್ದೂ ಇದೇ ಲೆಕ್ಕದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ, ಆ ನೀರು ನಮ್ಮಂಥವರದ್ದಲ್ಲ. ತುಲಾ ಸಂಕ್ರಮಣದ ಹೊತ್ತಿಗೆ ಮಳೆ ಬಿಟ್ಟಂತೆ ಕಂಡರೂ ಹಿಂಗಾರು ಬಂದು ಒಂದೇ ಸಂಜೆಯಲ್ಲಿ ಹೊಳೆ ಕೆಂಪಾಗುವುದುಂಟು. ಫೆಬ್ರವರಿ ಬಂತು ಅಂದರೆ ಮೇಲಿನ ತೋಟಗಳಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಶುರು, ಹೊಳೆಗೆ ಪಂಪು ಇಳಿಯುತ್ತವೆ. ಮಾರ್ಚಿನಲ್ಲಿ ಕಯಾಕನ್ನು ತಲೆ ಮೇಲೆ ಹೊತ್ತುಕೊಂಡು ಬಂಡೆ ಬಂಡೆ ಹಾರಬೇಕಾದೀತು. ನಡುವೆ ಸಿಗುವುದು ನವೆಂಬರ್ ಕೊನೆಯಿಂದ ಜನವರಿವರೆಗಿನ ಸಮಯ. ನೀರು ಸಾಕಷ್ಟಿರುತ್ತದೆ, ಸೆಳವು ತಗ್ಗಿರುತ್ತದೆ, ತಳ ಅಲ್ಲಲ್ಲಿ ಕಾಣುತ್ತದೆ. ಒಂದೇ ತೊಂದರೆ ಮಂಜು. ಆ ತಿಂಗಳಲ್ಲಿ 8 ಗಂಟೆ, ಕೆಲವು ದಿನ 9 ಗಂಟೆವರೆಗೂ ಹೊಳೆ ಮೇಲೆ ಮಂಜು ಕೂತಿರುತ್ತದೆ. ನೋಡಲು ಚಂದ, ದೋಣಿಯವನಿಗೆ ಕುರುಡು. ಸೈಕಲ್ ಮೊದಲು ಅನ್ನುವುದಕ್ಕೆ ಇದೂ ಒಂದು ಕಾರಣ. ರಸ್ತೆಯಲ್ಲಿ ಹಿಂದೆ ಮುಂದೆ ಲೈಟ್ ಹಾಕಿಕೊಂಡು, ಎದ್ದು ಕಾಣುವ ಜಾಕೆಟ್ ತೊಟ್ಟು, ಬೆಳಕು ಬಿಟ್ಟ ಮೇಲೆ ಮೆಲ್ಲಗೆ ಹೋಗಬಹುದು. ಹೊಳೆಯಲ್ಲಿ ಲೈಟ್ ಹಾಕಿದರೂ ಬಂಡೆಗೆ ಅದು ಗೊತ್ತಾಗಬೇಕಲ್ಲ.

ಹಾಗಾದರೆ ದಿನ ಹೀಗೆ. ಹಿಂದಿನ ಸಂಜೆಯೇ ಕಯಾಕಿನ ಚೀಲ, ಹುಟ್ಟು, ಲೈಫ್ ಜಾಕೆಟ್ ಎಲ್ಲ ಕೂಡಿಗೆಯ ಪರಿಚಯದವರ ಮನೆಯಲ್ಲಿ ಇಟ್ಟು ಬರುವುದು. ಬೆಳಿಗ್ಗೆ ಕಾರಿನಲ್ಲಿ ಸೈಕಲ್ ಹೇರಿಕೊಂಡು ಕಣಿವೆಗೆ ಹೋಗುವುದು, ಕಾರು ಅಲ್ಲೇ. ಅಲ್ಲಿಂದ ಸೈಕಲಿನಲ್ಲಿ ಕೂಡಿಗೆಗೆ. ನೇರ ಹೋದರೆ ದೂರ ಹೆಚ್ಚಿಲ್ಲ, ಆದರೆ ನಮ್ಮದು ನೇರ ಹೋಗುವ ಸವಾರಿ ಅಲ್ಲ, ಹೊಳೆಗೆ ಇಳಿಯುವ ಪ್ರತಿ ದಾರಿಯನ್ನೂ ಮುಟ್ಟಿ ಬರುವುದು. ಎರಡು ಗಂಟೆ ಹಿಡಿಯಲಿ ಅಂತ ಬಿಟ್ಟಿದ್ದೇವೆ.

ನಿಂತಲ್ಲಿ ಏನು ನೋಡಬೇಕು? ಮೊದಲಿಗೆ ಬಿದ್ದ ಮರ ಮತ್ತು ಬಿದಿರು ಮೆಳೆ. ಹೊಸಬರು ಬಂಡೆಗೆ ಹೆದರುತ್ತಾರೆ. ಬಂಡೆಗೆ ನೀರು ಬಡಿದು ಪಕ್ಕಕ್ಕೆ ಹೋಗುತ್ತದೆ, ದೋಣಿಯನ್ನೂ ಪಕ್ಕಕ್ಕೆ ತಳ್ಳುತ್ತದೆ. ಬಿದಿರು ಮೆಳೆ ಮಳೆಗಾಲದಲ್ಲಿ ದಡ ಕುಸಿದು ನೀರಿಗೆ ಬಿದ್ದಿದ್ದರೆ ಅದು ಜರಡಿ ಇದ್ದ ಹಾಗೆ, ನೀರು ಒಳಗಿಂದ ಹಾದು ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಲೈಫ್ ಜಾಕೆಟ್ ಇದ್ದರೂ ನೀರಿನ ಒತ್ತಡ ಬಿಡುವುದಿಲ್ಲ. ತಿರುವಿನ ಹೊರಗಡೆ ಸೆಳವು ಜಾಸ್ತಿ, ದಡ ಕೊರೆಯುವುದೂ ಅಲ್ಲೇ, ಮೆಳೆ ಬೀಳುವುದೂ ಅಲ್ಲೇ. ಹಾಗಾಗಿ ತಿರುವುಗಳನ್ನು ದಡದಿಂದಲೇ ನೋಡಿ ಯಾವ ಬದಿ ಹಿಡಿಯಬೇಕು ಅಂತ ಬರೆದಿಟ್ಟುಕೊಳ್ಳಬೇಕು.

ಆಮೇಲೆ ಬಲೆ, ಪಂಪಿನ ಪೈಪು, ಹಗ್ಗ. ಇವು ಯಾವ ಮ್ಯಾಪಿನಲ್ಲೂ ಇರುವುದಿಲ್ಲ. ಮೆಟ್ಟಿಲ ಮೇಲೆ ಕೂತವರನ್ನು ಕೇಳಬೇಕು. ಹಿಂದಿನ ವಾರ ಸುಮ್ನೆ ದಾರಿ ನೋಡಿ ಬರಲು ಹೋಗಿದ್ದಾಗ ಬಲೆ ಒಣಗಿಸುತ್ತಿದ್ದ ಒಬ್ಬ ಅಜ್ಜ ಸಿಕ್ಕರು. “ಅಜ್ಜ, ಇಲ್ಲಿಂದ ಕೆಳಗೆ ದೋಣಿ ಹೋಗ್ತದಾ?” ಅಂತ ಕೇಳಿದೆ. ಅವರು ನನ್ನನ್ನು, ಸೈಕಲನ್ನು ಒಮ್ಮೆ ನೋಡಿ, “ದೋಣಿ ಹೋಯ್ತದಪ್ಪ, ಆ ತಿರುವಲ್ಲಿ ಮಾತ್ರ ಬಲಗಡೆ ಹೋಗ್ಬೇಡಿ, ಮೆಳೆ ಬಿದ್ದದೆ” ಅಂದರು. ಬೆಳಿಗ್ಗೆ ಬಲೆ ಎತ್ತುವ ಹೊತ್ತನ್ನೂ ಅವರೇ ಹೇಳಿದರು. ಕಾರಿನಲ್ಲಿ ಹೋಗಿದ್ದರೆ ಗಾಜು ಇಳಿಸಿ ಕೇಳುತ್ತಿದ್ದೆನೋ ಇಲ್ಲವೋ. ಸೈಕಲಿನಲ್ಲಿ ಬಂದವನನ್ನು ಜನ ತಾವಾಗಿಯೇ ಮಾತಾಡಿಸುತ್ತಾರೆ, ಅದರಲ್ಲೂ ತಲೆ ನರೆತವನು ಬೆವರಿಕೊಂಡು ಬಂದರೆ ಕನಿಕರಕ್ಕಾದರೂ.

ಮೂರನೆಯದು ನೀರಿನ ವೇಗ. ಇದಕ್ಕೆ ಯಂತ್ರ ಬೇಡ. ದಡದಲ್ಲಿ 20 ಮೀಟರ್ ಹೆಜ್ಜೆಯಲ್ಲಿ ಅಳೆದು, ಒಂದು ಒಣ ಕಡ್ಡಿಯನ್ನು ನಡು ಹೊಳೆಗೆ ಎಸೆದು, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿದರಾಯಿತು. 20 ಸೆಕೆಂಡ್ ಹಿಡಿದರೆ ಗಂಟೆಗೆ 3.6 ಕಿಲೋಮೀಟರ್, ನಡೆಯುವ ವೇಗಕ್ಕಿಂತ ಕಡಿಮೆ. ಅಲ್ಲಿವರೆಗೆ ಆರಾಮ. 10 ಸೆಕೆಂಡಿನಲ್ಲಿ ಕಡ್ಡಿ ದಾಟಿದರೆ 7.2, ಅದು ಓಡುವ ವೇಗ. ನಮ್ಮ ಕೈಗೆ ಅದು ಬೇಡ. ಸೇತುವೆಯ ಕಂಬದಲ್ಲಿ ನೀರು ಎಲ್ಲಿ ಮುಟ್ಟಿದೆ ಅಂತ ಒಂದು ಫೋಟೋ ಹೊಡೆದುಕೊಂಡು, ಇಳಿಯುವ ಮೊದಲು ಇನ್ನೊಮ್ಮೆ ನೋಡಬೇಕು. ಒಂದು ಗೇಣು ಏರಿದ್ದರೂ ಹಾರಂಗಿಯಲ್ಲಿ ಏನೋ ಆಗಿದೆ ಅಂತ ಅರ್ಥ.

ಈಗ ನಾನು ಗೆಳೆಯನಿಗೆ ಹೇಳಿ ಹೇಳಿ ಸಾಕಾದ ಮಾತು. ಕೂಡಿಗೆ ತಲುಪಿ, ನೀರು ಸರಿ ಇಲ್ಲ ಅನಿಸಿದರೆ ಏನು ಮಾಡುತ್ತೇವೆ? ದೋಣಿ ಮೊದಲು ಇಟ್ಟವರ ಕಥೆ ನೋಡಿ. ಸೈಕಲ್ ಕೆಳಗಿನ ಊರಲ್ಲಿ ಬಿಟ್ಟಾಗಿದೆ, ದೋಣಿಗೆ ಗಾಳಿ ತುಂಬಿಸಿಯಾಗಿದೆ, ಇಡೀ ದಿನ ನೀರಿನ ಮೇಲೆ ನಿಂತಿದೆ. ಬೇಡ ಅನ್ನಲು ಬಾಯಿ ಬರುವುದಿಲ್ಲ, ನೋಡೋಣ, ಏನಾಗುತ್ತದೆ ಅಂತ ಇಳಿದುಬಿಡುತ್ತಾರೆ. ನಮ್ಮ ಕ್ರಮದಲ್ಲಿ ಸೈಕಲ್ ಕಾಲ ಕೆಳಗೇ ಇದೆ. ಬೇಡ ಅಂದರೆ ಹಾಗೇ ಹಾರಂಗಿ ಕಡೆಗೋ, ಸೇತುವೆ ದಾಟಿ ಬೈಲುಕುಪ್ಪೆಗೋ ಹೋಗಿ ತುಕ್ಪಾ ಅನ್ನುವ ಟಿಬೆಟಿನ ನೂಡಲ್ಸ್ ಸೂಪು ಕುಡಿದು ಕಾರಿನ ಹತ್ತಿರ ವಾಪಸ್ ಬರಬಹುದು. ಭಾನುವಾರ ಹಾಳಾಗುವುದಿಲ್ಲ. ಆಗ ಬೇಡ ಅನ್ನುವುದು ಸುಲಭ ಅಲ್ವಾ?

ನೀರು ಸರಿ ಇದ್ದರೆ ಸೈಕಲ್‌ಗಳನ್ನು ಕಯಾಕ್ ಇಟ್ಟ ಮನೆಯಲ್ಲೇ ಬೀಗ ಹಾಕಿ ಇಟ್ಟು, ಹತ್ತರ ಹೊತ್ತಿಗೆ ಇಳಿಯುವುದು. ನಿಧಾನ ನೀರಿನಲ್ಲಿ ಇಂಥ ದೋಣಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗುತ್ತದೆ, ಅದೂ ಹುಟ್ಟು ಹಾಕುತ್ತಲೇ ಇದ್ದರೆ. ಡಿಸೆಂಬರಿನ ಮೂಡಗಾಳಿ ಮುಖಕ್ಕೋ ಬಲ ಕೆನ್ನೆಗೋ ಹೊಡೆಯುತ್ತದೆ, ಗಾಳಿ ತುಂಬಿಸಿದ ದೋಣಿ ಹಗುರ, ಬೀಸಿದ ಕಡೆ ಮೂತಿ ತಿರುಗಿಸುತ್ತದೆ. ಬಿಸಿಲಲ್ಲಿ ಗಾಳಿ ತುಂಬಿಸಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು, ತಣ್ಣೀರಿಗೆ ಇಳಿಸಿದ ಕೂಡಲೇ ಕುಗ್ಗಿ ಮೆತ್ತಗಾಗುತ್ತದೆ. ಅದಕ್ಕೆ ನೆರಳಲ್ಲಿ ತುಂಬಿಸಿ, ನೀರಿಗಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು ಸಲ ಪಂಪ್ ಹೊಡೆಯಬೇಕು.

ಊಟಕ್ಕೆ ಅಕ್ಕಿ ರೊಟ್ಟಿ, ಚಟ್ನಿ, ಕಿತ್ತಳೆ. ಮೊಬೈಲ್, ಕಾರಿನ ಕೀಲಿ ನೀರು ಹೋಗದ ಚೀಲದಲ್ಲಿ, ಚೀಲ ಮೈಗೆ ಅಲ್ಲ ದೋಣಿಗೆ ಕಟ್ಟಿ. ಕೀಲಿ ಹೊಳೆಪಾಲಾದರೆ ಸೈಕಲ್ ಇದ್ದೂ ಪ್ರಯೋಜನ ಇಲ್ಲ. ಎಷ್ಟು ಹೊತ್ತಿಗೆ ಎಲ್ಲಿರುತ್ತೇವೆ ಅಂತ ಮನೆಯವರಿಗೆ, ಕೂಡಿಗೆಯವರಿಗೆ ಬರೆದು ಕೊಡುವುದು. ಪಂಚಾಯಿತಿಗೂ, ಹತ್ತಿರದ ಪೊಲೀಸ್ ಠಾಣೆಗೂ ಮೊದಲೇ ಹೋಗಿ ಕೇಳುವುದು, ಬೇಡ ಅಂದರೆ ಸೈಕಲ್ ಮಾತ್ರ.

ಅಮ್ಮನದು ಒಂದೇ ಷರತ್ತು. ಕಾಲಿಡುವ ಮೊದಲು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡಬಾರದು. ಬಲಮುರಿಯಲ್ಲಿ ಹೊಳೆ ತಿರುಗಿದ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಯಿತು, ಕೊಡವತಿಯರು ಇವತ್ತಿಗೂ ಹಾಗೇ ಉಡುತ್ತಾರೆ ಅನ್ನುವ ಕಥೆಯನ್ನು ಇನ್ನೊಮ್ಮೆ ಹೇಳಿದರು. ಅವರ ಲೆಕ್ಕದಲ್ಲಿ ಈ ಹೊಳೆ ಯಾರ ಮಾತೂ ಕೇಳುವುದಲ್ಲ, ನನಗೆ ಅದು ಹಾರಂಗಿಯ ಹೊರಹರಿವಿಗಿಂತ ಬೇರೆ ಎಚ್ಚರಿಕೆ ಅನಿಸಲಿಲ್ಲ. ಚಪ್ಪಲಿಯ ಷರತ್ತಿಗೆ ಒಪ್ಪಿದ್ದೇನೆ, ಹೊಳೆಯೊಳಗೆ ಮಾತ್ರ ಶೂ ಬೇಕೇ ಬೇಕು, ಒಡೆದ ಬಾಟಲಿ ಎಲ್ಲಿರುತ್ತದೋ.

ಕಣಿವೆಯಲ್ಲಿ ರಾಮಲಿಂಗೇಶ್ವರ ದೇವಸ್ಥಾನದ ಹತ್ತಿರ ತೂಗುಸೇತುವೆ ಇದೆ, ಮೇಲಿಂದ ಬರುವಾಗ ದೂರದಿಂದಲೇ ಕಾಣುತ್ತದೆ, ತಪ್ಪಿಸಿಕೊಳ್ಳುವ ಭಯ ಇಲ್ಲ. ಅಲ್ಲೇ ದಡ ಹತ್ತುವುದು. ಸ್ನಾನಕ್ಕೆ ಬಂದವರ ನಡುವೆ ನುಗ್ಗದೆ ಸ್ವಲ್ಪ ಬದಿಗೆ. ಒಣ ಬಟ್ಟೆ ಕಾರಿನಲ್ಲಿರುತ್ತದೆ. ಹಿಂದಿರುಗುವಾಗ ಕೂಡಿಗೆಯಲ್ಲಿ ಸೈಕಲ್ ಹೇರಿಕೊಂಡರೆ ಬೆಳಕಿರುವಾಗಲೇ ಮನೆ.

ಗೆಳೆಯ ಈಗ ಹೊಸ ರಾಗ ತೆಗೆದಿದ್ದಾನೆ. ಕಣಿವೆಗೇ ಯಾಕೆ ನಿಲ್ಲಬೇಕು, ಶಿರಂಗಾಲದವರೆಗೆ ಹೋಗೋಣ, ಕೊಡಗು ಮುಗಿಯುವವರೆಗೆ ಅಂತ. ಕೇಳಲು ಚಂದವಾಗಿದೆ. ಶಿರಂಗಾಲ ದಾಟಿದರೆ ಹಾಸನ ಜಿಲ್ಲೆ, ಅಲ್ಲಿ ಕಟ್ಟೇಪುರದ ಅಣೆಕಟ್ಟೆ ಇದೆ, ಅದರ ಹತ್ತಿರಕ್ಕೂ ಹೋಗುವ ಮಾತಿಲ್ಲ. ಕಟ್ಟೆ ಮೇಲೆ ಹರಿಯುವ ನೀರು ಮೇಲಿಂದ ಬರುವವನಿಗೆ ಒಂದು ಸಪಾಟು ಗೆರೆಯ ಹಾಗೆ ಕಾಣುತ್ತದೆ ಅಷ್ಟೆ, ಕೆಳಗೆ ತಿರುಗುವ ನೀರು ಸಿಕ್ಕವನನ್ನು ಹೊರಗೆ ಬಿಡುವುದಿಲ್ಲ. ಶಿರಂಗಾಲ ಆಗಬಹುದು, ಆದರೆ ಆ ಭಾಗದ ಹೊಳೆಯನ್ನು ನಾವಿನ್ನೂ ಸೈಕಲಿನಲ್ಲಿ ನೋಡಿಲ್ಲ. ಅವನಿಗೆ ಅಷ್ಟು ಆಸೆ ಇದ್ದರೆ ಕಾರನ್ನು ಶಿರಂಗಾಲದಲ್ಲಿ ನಿಲ್ಲಿಸಿ ಅಲ್ಲಿಂದಲೇ ತುಳಿಯಲಿ. ಹಾಗೆ ಹೇಳಿದ ಮೇಲೆ ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾನೆ.

ಬೆಳಿಗ್ಗೆ ಆರೂವರೆಗೆ ಕಣಿವೆಯಲ್ಲಿ ಸಿಗೋಣ ಅಂತಲೂ ಅಂದ. ಸಿದ್ದಾಪುರದಿಂದ ಆ ಹೊತ್ತಿಗೆ ಬರಬೇಕಾದರೆ ಕತ್ತಲಲ್ಲೇ ಹೊರಡಬೇಕು, ಆ ರಸ್ತೆಯಲ್ಲಿ ಆ ಹೊತ್ತಿಗೆ ಯಾರು ಓಡಾಡುತ್ತಿರುತ್ತಾರೆ ಅಂತ ಅವನಿಗೇ ಗೊತ್ತು. ಶನಿವಾರ ಸಂಜೆ ಬೆಳಕಿರುವಾಗಲೇ ನಮ್ಮ ಮನೆಗೆ ಬಾ, ಅಮ್ಮ ಕಡಂಬಿಟ್ಟು ಮಾಡುತ್ತಾರೆ ಅಂದಿದ್ದೇನೆ. ಪಂಪ್ ಅವನ ಹತ್ತಿರ ಇದೆ, ಅದನ್ನು ಮರೆಯದೆ ತರಬೇಕು.